ಪೆನ್ಸಿಲತ್ತೆಯ ಒಂದೇ ಫೋಟೋ

ಭಾನುವಾರ, ಬೆಳಗಿನ ಕಾಫಿಯ ನಂತರ

ಮಗಳಿಗೆ,

ಅಮ್ಮನ ಆಶೀರ್ವಾದ. ನಾನು ಗಟ್ಟಿಯಾಗಿದ್ದೇನೆ. ಮಂಡಿ ಮಾತ್ರ ತನ್ನ ರಾಗ ತಾನು ಹಾಡುತ್ತಿದೆ, ಹಾಡಿಕೊಳ್ಳಲಿ.

ನೀನು ಬರೆದ ನಮ್ಮ ಮನೆತನದ ಚರಿತ್ರೆಯ ಕರಡು ತಲುಪಿತು. ಕನ್ನಡಕ ಒರೆಸಿಕೊಂಡು ಪೂರ್ತಿ ಓದಿದೆ. ಚೆನ್ನಾಗಿದೆ. ಈ ಮಾತು ನನ್ನ ಬಾಯಿಂದ ಸುಲಭಕ್ಕೆ ಬರುವುದಲ್ಲ, ಜೋಪಾನವಾಗಿ ಎತ್ತಿಟ್ಟುಕೋ. ಇನ್ನು ಬೈಸಿಕೊಳ್ಳಲು ಸಿದ್ಧಳಾಗು.

ನಿನ್ನ ಅಪ್ಪನಿಗೆ ಪುಟದ ಮೇಲೆ ಪುಟ. ನನಗೂ ಧಾರಾಳವಾಗಿಯೇ ಕೊಟ್ಟಿದ್ದೀಯ. ಅಪ್ಪನ ಅಕ್ಕ ಪೆನ್ಸಿಲತ್ತೆಗೆ ಮಾತ್ರ ಎರಡು ಸಾಲು: ಮದುವೆಯಾಗಲಿಲ್ಲ, ತಮ್ಮನ ಸ್ಟುಡಿಯೋದಲ್ಲಿ ನೆರವಾಗುತ್ತಿದ್ದರು. ಪ್ರತಿಯೊಬ್ಬರ ಪುಟಕ್ಕೂ ಒಂದು ಫೋಟೋ ಬೇಕು, ಪೆನ್ಸಿಲತ್ತೆಯದು ಎಲ್ಲಿಯೂ ಸಿಗಲಿಲ್ಲ, ಅದಕ್ಕೇ ಪುಟವಿಲ್ಲ ಎಂದು ಕಾರಣವನ್ನೂ ಬರೆದಿದ್ದೀಯ. ಫೋಟೋ ಇಲ್ಲದವಳು ಈ ಮನೆಯಲ್ಲಿ ಬಾಳಲೇ ಇಲ್ಲವೆಂದು ಅರ್ಥವೇ? ಅವಳಿಗೆ ಪುಟವಿಲ್ಲದಿದ್ದರೆ ನನ್ನದನ್ನೂ ಕಿತ್ತುಹಾಕು. ಅಚ್ಚಿಗೆ ಕೊಡುವ ಮುಂಚೆ ಇದನ್ನು ಓದಿ ತಿದ್ದು.

ಅಪ್ಪನ ಕೈಯಲ್ಲಿ ಮುಖಗಳು ಅರಳುತ್ತಿದ್ದವು ಎಂದು ಬರೆದಿದ್ದೀಯಲ್ಲ, ಅಲ್ಲಿಂದಲೇ ಶುರುಮಾಡು. ನಿನ್ನ ಅಪ್ಪ ಒಳ್ಳೆಯ ಕ್ಯಾಮೆರಾದವರು. ಅಳುವ ಮಗುವನ್ನು ನಗಿಸುತ್ತಿದ್ದರು, ಸೊಟ್ಟಗೆ ನಿಂತವರನ್ನು ನೆಟ್ಟಗೆ ನಿಲ್ಲಿಸುತ್ತಿದ್ದರು. ಆದರೆ ಮುಖ ಅರಳಿದ್ದು ನನ್ನ ಅತ್ತಿಗೆಯ ಪೆನ್ಸಿಲಿನಲ್ಲಿ. ಹೀಗೆಂದರೆ ನನ್ನ ಗಂಡನ ಮರ್ಯಾದೆಗೇನೂ ಕುಂದಿಲ್ಲ. ಇದ್ದಿದ್ದರೆ ಅವರೇ ಹೇಳುತ್ತಿದ್ದರು.

ನೆಗೆಟಿವ್‌ನಲ್ಲಿ ಎಲ್ಲವೂ ತಲೆಕೆಳಗು. ಕಪ್ಪು ಬೆಳ್ಳಗೆ ಕಾಣುತ್ತದೆ, ಬಿಳುಪು ಕಪ್ಪಗೆ. ಮುಖದ ಮೇಲಿನ ಕಲೆ, ಸುಕ್ಕು, ಗುಳಿ ಎಲ್ಲವೂ ಅದರಲ್ಲಿ ತೆಳುವಾದ ಬಿಳಿ ಗೆರೆಗಳು. ಆ ಗೆರೆಗಳ ಮೇಲೆ ಸೂಜಿಯಷ್ಟು ಚೂಪಾದ ಪೆನ್ಸಿಲಿನಿಂದ ಚುಕ್ಕೆ ಚುಕ್ಕೆಯಾಗಿ ಸೀಸ ತುಂಬಿದರೆ ಪ್ರಿಂಟಿನಲ್ಲಿ ಕಲೆ ಮಾಯ. ಕಿಟಕಿಯ ಪಕ್ಕದ ಇಳಿಜಾರು ಮೇಜಿನ ಮುಂದೆ ಕೂತು, ಉಸಿರು ಬಿಗಿಹಿಡಿದು ಅವಳು ಮಾಡುತ್ತಿದ್ದ ಕೆಲಸ ಅದು, ರೀಟಚಿಂಗ್ ಎನ್ನುತ್ತಾರೆ. ಎದ್ದಾಗ ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು. ಅದನ್ನು ನೋಡಿಯೇ ನೀವು ಮಕ್ಕಳು ಅವಳಿಗೆ ಆ ಹೆಸರಿಟ್ಟಿರಿ.

ಕೆಲಸ ಅವಳ ಕೈಗೆ ಬಂದ ಬಗೆ ನಿನಗೆ ಗೊತ್ತಿಲ್ಲ. ಅವಳ ಎಡಗೆನ್ನೆಯ ಸುಟ್ಟ ಕಲೆ ನಿನಗೆ ನೆನಪಿರಬೇಕು. ಚಿಕ್ಕಂದಿನಲ್ಲಿ ಬಿಸಿನೀರು ಬಿದ್ದದ್ದು. ಅವಳಿಗೆ ಗಂಡು ನೋಡುವಾಗ ಫೋಟೋ ಕಳಿಸಬೇಕಾಯಿತು. ನಿನ್ನ ಅಪ್ಪ ಆಗಿನ್ನೂ ಮೀಸೆ ಚಿಗುರಿದ ಹುಡುಗ. ಅಕ್ಕನ ಮೇಲಿನ ಪ್ರೀತಿಗೆ ನೆಗೆಟಿವ್ ಮೇಲೆ ಸೀಸ ತುಂಬಿ ಕೆನ್ನೆಯನ್ನು ಬೆಣ್ಣೆಯಂತೆ ಮಾಡಿ ಕಳಿಸಿಬಿಟ್ಟರು. ಗಂಡಿನ ಕಡೆಯವರು ಬಂದರು. ಗಂಡಿನ ಚಿಕ್ಕಮ್ಮ ಫೋಟೋ ನೋಡಿದಳು, ಇವಳ ಮುಖ ನೋಡಿದಳು, ಮತ್ತೆ ಫೋಟೋ ನೋಡಿದಳು.

"ಅಲ್ಲಮ್ಮಾ, ಇದರಲ್ಲಿರೋ ಹುಡುಗಿ ಎಲ್ಲಿ?" ಎಂದಳಂತೆ.

"ಅವಳು ನನ್ನ ತಮ್ಮನ ಪೆನ್ಸಿಲಲ್ಲಿದ್ದಾಳೆ. ಬೇಕಾದ್ರೆ ಮಾತಾಡಿಸಿ ನೋಡಿ" ಎಂದಳಂತೆ ನನ್ನ ಅತ್ತಿಗೆ.

ಅವರು ಎದ್ದು ಹೋದರು. ಇವಳು ಅಳುತ್ತಾ ಕೂರಲಿಲ್ಲ. ಆ ಫೋಟೋವನ್ನು ನೆಗೆಟಿವ್ ಸಮೇತ ಒಲೆಗೆ ಹಾಕಿ, ತಮ್ಮನ ಕೈಯಿಂದ ಪೆನ್ಸಿಲ್ ಕಿತ್ತುಕೊಂಡು, "ಸುಳ್ಳು ಹೇಳಿದ್ದು ಸಾಲದು ಅಂತ ಕೆಟ್ಟದಾಗಿ ಬೇರೆ ಹೇಳಿದ್ದೀಯ. ಇನ್ನು ಈ ಕೆಲಸ ನಂದು" ಎಂದಳು. ಆಮೇಲೆ ಕ್ಯಾಮೆರಾದ ಮುಂದೆ ಕೂರಲೇ ಇಲ್ಲ.

ಮಚ್ಚೆಯ ಪ್ರಸಂಗವನ್ನೂ ನೀನು ಅಪ್ಪನ ತಲೆಗೆ ಕಟ್ಟಿದ್ದೀಯ. ಅದು ಅವಳದು. ಕೆಲಸ ಕಲಿಯುವ ಹುರುಪಿನಲ್ಲಿ ಒಬ್ಬ ಲಾರಿ ಡ್ರೈವರನ ಗುರುತಿನ ಚೀಟಿಯ ಫೋಟೋದಲ್ಲಿ ಮೂಗಿನ ಮೇಲಿದ್ದ ಮಚ್ಚೆಯನ್ನು ಅಳಿಸಿಬಿಟ್ಟಿದ್ದಳು. ಕಚೇರಿಯವರು ಚೀಟಿ ಕೊಡಲಿಲ್ಲ. ಅವನು ಕೌಂಟರಿನ ಮುಂದೆ ನಿಂತು, "ರೀ, ನನ್ನ ಮಚ್ಚೆ ವಾಪಸ್ ಕೊಡ್ರೀ" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ಅವಳು ಫೋಟೋ ಇಸಿದುಕೊಂಡು ಮಸಿಯಲ್ಲಿ ಒಂದು ಚುಕ್ಕೆ ಇಟ್ಟು, "ತಗೊಳ್ಳಿ, ಮೊದಲಿಗಿಂತ ಚೆನ್ನಾಗಿದೆ" ಎಂದಳು. ಅಂದಿನಿಂದ ಅವಳದೊಂದು ಕಟ್ಟುನಿಟ್ಟು: ಮುಖದ ದಣಿವು ತೆಗೆಯಬಹುದು, ಮುಖ ತೆಗೆಯಬಾರದು. ಊರಿನವರು ನಮ್ಮಲ್ಲಿಗೇ ಬರುತ್ತಿದ್ದುದು ಅದಕ್ಕೆ. ನಮ್ಮ ಫೋಟೋದಲ್ಲಿ ಅವರು ಚೆನ್ನಾಗಿ ನಿದ್ದೆ ಮಾಡಿ ಎದ್ದಂತೆ ಕಾಣುತ್ತಿದ್ದರು, ಆದರೆ ಅವರೇ ಆಗಿರುತ್ತಿದ್ದರು.

ನಾವಿಬ್ಬರೂ ಹಾವು ಮುಂಗುಸಿಯಂತಿದ್ದೆವು ಎಂದು ಬರೆದಿದ್ದೀಯ. ಅದು ಹಾಗೇ ಇರಲಿ, ನಿಜ. ಆ ಕಿಟಕಿಯ ಕೋಣೆ ಅಡುಗೆಮನೆಯಾಗಬೇಕೆಂದು ನಾನು, ಒಲೆಯ ಹೊಗೆ ನೆಗೆಟಿವ್‌ಗೆ ಆಗದೆಂದು ಅವಳು. ನಾನು ಸೋತದ್ದು ಈ ಮನೆಯಲ್ಲಿ ಅವಳೊಬ್ಬಳಿಗೇ.

ಈಗ ಫೋಟೋ ವಿಷಯ. ಇದೆ. ಈ ಲಕೋಟೆಯಲ್ಲೇ ಇದೆ.

ಒಂದು ಮಧ್ಯಾಹ್ನ ನಿನ್ನ ಅಪ್ಪ ಹೊರಗೆ ಹೋಗಿದ್ದರು. ಅವಳು ಮೇಜಿಗೆ ಬಾಗಿದ್ದಳು. ಕಿಟಕಿಯ ಬೆಳಕು ನೇರ ಆ ಎಡಗೆನ್ನೆಯ ಮೇಲೆ. ನನಗೇನು ತೋಚಿತೋ, ಚಿಕ್ಕ ಕ್ಯಾಮೆರಾ ತೆಗೆದುಕೊಂಡು, "ಅತ್ತಿಗೆ" ಎಂದೆ. ತಿರುಗಿದಳು. "ಇಡೇ ಅದನ್ನ ಕೆಳಗೆ!" ಎನ್ನುವಷ್ಟರಲ್ಲಿ ಒತ್ತಿಬಿಟ್ಟೆ.

ನೆಗೆಟಿವ್ ತೊಳೆದು ಬಂದಾಗ ಅವಳ ಮೇಜಿನ ಮೇಲೆಯೇ ಇಟ್ಟೆ. ಅವಳು ಪೆನ್ಸಿಲನ್ನು ಉಪ್ಪುಕಾಗದಕ್ಕೆ ಉಜ್ಜಿ ಚೂಪು ಮಾಡಿದಳು. ಕೆನ್ನೆಯ ಆ ಬಿಳಿ ಗೆರೆಗಳನ್ನು ಬಹಳ ಹೊತ್ತು ನೋಡಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ತುಂಬುತ್ತಾಳೆ ಎಂದುಕೊಂಡೆ. ಯಾರ್ಯಾರ ಮುಖವನ್ನೋ ತಿದ್ದಿದವಳು, ತನ್ನದನ್ನು ಅರೆಗಳಿಗೆಯಲ್ಲಿ ಮುಗಿಸಿಬಿಡಬಹುದಿತ್ತು. ತುಂಬಲಿಲ್ಲ. ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಿ ಎದ್ದಳು.

"ನೀನು ಫೋಟೋ ತೆಗೆಯೋಕೆ ಹುಟ್ಟಿದೋಳಲ್ಲ ಬಿಡು. ಒಂದು ಪ್ರಿಂಟ್ ಹಾಕಿ ನೋಡ್ಕೋ, ಆಮೇಲೆ ಒಲೆಗೆ ಹಾಕು" ಎಂದಳು.

ಪ್ರಿಂಟ್ ಹಾಕಿಸಿದೆ. ಒಲೆಗೆ ಹಾಕು ಎಂದದ್ದು ನನಗೆ ಕೇಳಿಸಲಿಲ್ಲ. ಅವಳೂ ಮತ್ತೆ ವಿಚಾರಿಸಲಿಲ್ಲ.

ಇದನ್ನು ಇಡೀ ಪುಟಕ್ಕೆ ಹಾಕಿಸು. ನಿನ್ನ ಕಂಪ್ಯೂಟರಿನವನಿಗೆ ತಾಕೀತು ಮಾಡು: ಕೆನ್ನೆ ಮುಟ್ಟಕೂಡದು. ಅವಳೇ ಮುಟ್ಟದ್ದನ್ನು ಅವನು ಮುಟ್ಟುವುದು ಬೇಡ. ಕೆಳಗೆ ಅವಳ ಕೆಲಸದ ಹೆಸರು ಬರೆ. ನೆರವಾಗುತ್ತಿದ್ದರು ಎಂಬ ಪದ ನನ್ನ ಕಣ್ಣಿಗೆ ಬೀಳದಿರಲಿ.

ತಿದ್ದಿದ ಪುಟ ಕಳಿಸು. ಕನ್ನಡಕ ಒರೆಸಿಟ್ಟುಕೊಂಡು ಕಾಯುತ್ತಿರುತ್ತೇನೆ.

ಇಂತಿ,
ನಿನ್ನ ಅಮ್ಮ

ತಾ.ಕ.: ಫೋಟೋದ ಬಲಮೂಲೆಯಲ್ಲಿ ಮಸುಕಾಗಿ ಒಂದು ಬೂದುಬಣ್ಣದ ಗುಡ್ಡೆ ಕಾಣುತ್ತದೆ. ಕೊಳೆಯೆಂದು ಕತ್ತರಿಸಿಬಿಟ್ಟೀಯ. ಅದು ಲೆನ್ಸಿಗೆ ಅಡ್ಡ ಬಂದ ನನ್ನ ಬೆರಳು. ಇರಲಿ ಬಿಡು. ನಾವಿಬ್ಬರೂ ಜೊತೆಗಿರುವ ಫೋಟೋ ಅದೊಂದೇ.