ಹೆಣ್ಣಾಳು, ನೀರು ಹೊಡೆದ ಬಾಬ್ತು

ಹೂವಿನಹಡಗಲಿ
೧೬ ಜುಲೈ ೨೦೨೫

ಕೊಟ್ಟೂರಿನ ಗುತ್ತಿಗೆದಾರ ಗುರುಬಸವರಾಜ ಅವರಿಗೆ ಅವರ ಹಳೆಯ ಹೆಣ್ಣಾಳು ಅರ್ಚನಾ ಮಾಡುವ ನಮಸ್ಕಾರ.

ಇನ್ನೂ ನಿಮ್ಮ ಹೆಂಡತಿಯೇ ಆಗಿದ್ದರೂ ಹೀಗೆ ಬರೆಯುವುದೇ ಸರಿ. ವಿಚ್ಛೇದನದ ರಾಜಿಗೆಂದು ನೀವು ಕಳಿಸಿದ ಲೆಕ್ಕದಲ್ಲಿ ನನ್ನ ಹೆಸರಿನ ಮುಂದೆ ಹಾಗೇ ಇದೆ: ‘ಹೆಣ್ಣಾಳು, ನೀರು ಹೊಡೆದ ಬಾಬ್ತು.’ ಮನೆಯಲ್ಲಿ ಪಾಲು ಕೇಳಿದವಳಿಗೆ ಕೂಲಿ ಕೊಟ್ಟು ಕಳಿಸುವ ಯೋಚನೆ. ಊಟಕ್ಕೆ ಕುಳಿತಾಗ ಓದಿದೆ. ಹೇಸಿಗೆಯಾಗಿ ತಟ್ಟೆ ಸರಿಸಿಬಿಟ್ಟೆ.

ಮನೆ ಕಟ್ಟಿ ಹದಿನಾಲ್ಕು ವರ್ಷವಾಯಿತು, ಅಂದಿನ ಕೂಲಿ ಯಾರಿಗೂ ನೆನಪಿಲ್ಲ ಎಂದು ನಿರ್ಮಾಣ ವೆಚ್ಚದ ಸೂಚ್ಯಂಕ ಹಿಡಿದಿದ್ದೀರಿ. ಈಗಿನ ಕೂಲಿಯನ್ನು ಅದರ ಪ್ರಕಾರ ಇಳಿಸುತ್ತ ಹೋಗಿ ೨೦೧೧ಕ್ಕೆ ಮುಟ್ಟಿಸಿದ್ದೀರಿ. ಸಿಮೆಂಟು, ಕಬ್ಬಿಣದ ದರ ಏರಿದ್ದನ್ನು ನೋಡಿ ನನ್ನ ಸೊಂಟನೋವಿಗೆ ಬೆಲೆ ಕಟ್ಟಿದ ಜಾಣತನಕ್ಕೆ ಏನೆನ್ನಲಿ. ಆದರೆ ಮನೆಯನ್ನು ಮಾರಲು ಹೊರಟಿರುವುದು ಮಾತ್ರ ಈಗಿನ ದರಕ್ಕೆ. ಅದಕ್ಕೇಕೆ ನಿಮ್ಮ ಸೂಚ್ಯಂಕ ಹಿಂದಕ್ಕೆ ನಡೆಯಲಿಲ್ಲ? ಮೇಲೆ ನಾನುಂಡ ಊಟದ ಖರ್ಚು ಬೇರೆ ಕಳೆದಿದ್ದೀರಿ. ಆ ಊಟ, ಗೋಡೆ ಕಟ್ಟುತ್ತಿದ್ದ ನಿಮ್ಮ ಗೌಂಡಿಗಳ ಊಟ ಸಹಿತ, ಬೇಯಿಸಿದವಳು ನಾನೇ.

ಹಸಿ ಗೋಡೆ ಗಟ್ಟಿಯಾಗಲೆಂದು ನೀರು ಹೊಡೆಯಲು ಓಣಿಯ ಭರಮಮ್ಮನನ್ನು ಇಡೋಣ ಎಂದು ಅಂದೇ ಹೇಳಿದ್ದೆ. ಆಳು ಮಾಡಿದ್ದು ಹಾಳು ಎಂದು ಗಾದೆ ಹೇಳಿ ಬೇಡವೆಂದವರು ನೀವು. ಬೋರಿನ ನೀರು ನಿಂತಾಗ ನಲ್ಲಿಯಿಂದ ಕೊಡ ಹೊತ್ತು ತಂದು ಸುರಿದೆ. ಸ್ಲ್ಯಾಬ್ ಹಾಕಿದ ಸಂಜೆ ಬೊಬ್ಬೆ ಎದ್ದ ನನ್ನ ಅಂಗೈ ಹಿಡಿದುಕೊಂಡು, “ನೀ ನಿಂತಿದ್ದಕ್ಕ ಈ ಗ್ವಾಡಿ ನಿಂತಾವ ಲೇ, ಇದು ನಿನ್ನ ಮನಿ” ಅಂದಿರಿ. ಆ ಮಾತನ್ನು ನಂಬಿ ಇಷ್ಟು ವರ್ಷ ಬಾಳಿದೆನಲ್ಲ, ನನ್ನ ಮೇಲೇ ನನಗೆ ಅಸಹ್ಯ.

ಕೂಲಿಯ ಚೆಕ್ಕನ್ನು ಇದರೊಂದಿಗೆ ವಾಪಸು ಕಳಿಸಿದ್ದೇನೆ. ನನಗೆ ಬೇಕಾದದ್ದು ಅರ್ಧ ಮನೆ.

ಅರ್ಚನಾ

ತಾ.ಕ.: ಲೆಕ್ಕದ ಹಾಳೆಯನ್ನು ಮಾತ್ರ ಮರಳಿಸುತ್ತಿಲ್ಲ. ಮನೆ ಕಟ್ಟುವಾಗ ನಾನು ತವರಿನಲ್ಲಿದ್ದೆ, ಒಂದು ಇಟ್ಟಿಗೆಯನ್ನೂ ಮುಟ್ಟಿಲ್ಲ ಎಂದು ನೀವು ಕೋರ್ಟಿನಲ್ಲಿ ಪ್ರಮಾಣ ಮಾಡಿದ್ದಿರಿ. ಈಗ ಅಡಿಪಾಯದಿಂದ ಸ್ಲ್ಯಾಬಿನವರೆಗೂ ದುಡಿದೆನೆಂದು ನೀವೇ ಬರೆದು ಸಹಿ ಹಾಕಿದ್ದೀರಿ. ಅಗ್ಗಕ್ಕೆ ಮುಗಿಸುವ ಆತುರದಲ್ಲಿ ಮೊದಲಿನ ಸುಳ್ಳು ಮರೆತಿರಿ. ಹಾಳೆ ನಿನ್ನೆಯೇ ಕೋರ್ಟಿಗೆ ಸೇರಿದೆ.