ತೆರೆಯ ಮೇಲೆ ನಮ್ಮ ಹೊಸ್ತಿಲು

ಭಾಲ್ಕಿ, ೧೨ ಜನವರಿ ೨೦೨೫, ಭಾನುವಾರ

ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಸಿನಿಮಾಕ್ಕೆ ಹೋದದ್ದೇ ತಪ್ಪಾಯಿತು. ಹೋದ ವರ್ಷ ನಮ್ಮ ಹೊಸ್ತಿಲಲ್ಲೇ ನನ್ನನ್ನು ನಿಲ್ಲಿಸಿ ಶೂಟಿಂಗ್ ಮಾಡಿದ್ದರು. ದಾರಿಹೋಕನಾಗಿ ಬಂದ ನಾಯಕ ನೀರು ಕೇಳಬೇಕು, ನಾನು ಕೊಡಬೇಕು, ಅಷ್ಟೇ. ಬರೀ ನೀರು ಕೊಡುವ ಪದ್ಧತಿ ನಮ್ಮಲ್ಲಿಲ್ಲವೆಂದು ಹಟ ಹಿಡಿದು ಬೆಲ್ಲವನ್ನೂ ಇಟ್ಟೆ. "ಒಳಗ ಬಾ ತಮ್ಮಾ, ಉಂಡು ಹೋಗು" ಎಂದೆ. ನಿರ್ದೇಶಕ ಕೈಮುಗಿದಿದ್ದ.

ಇವತ್ತು ತೆರೆಯ ಮೇಲೆ ಬೆಲ್ಲ ಕಾಣಲೇ ಇಲ್ಲ. ತುಟಿ ನನ್ನದು, ದನಿ ಯಾವಳದೋ ಕೀರಲು ದನಿ: "ನೀರ್ ಕುಡದಿ ಇಲ್ಲೋ, ಇನ್ನ ಹಾದಿ ಹಿಡಿ!" ಟಾಕೀಜಿಗೆ ಟಾಕೀಜೇ ನಕ್ಕಿತು. ಪಕ್ಕದಲ್ಲಿದ್ದ ಸೊಸೆ ಶಶಿಕಲಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಸಂಜೆ ನೆರೆಮನೆಯ ವಜೀರಬೀ ಬಾಗಿಲಲ್ಲೇ ನಿಂತು ಕೇಳಿದಳು: "ಒಳಗ ಬರ್ಲೇನ್ರಿ ಅಮ್ಮಾ, ಇಲ್ಲಾ ಹಾದಿ ಹಿಡೀಲ್ರಿ?"

"ಬಾಯಿ ಮುಚ್ಚಿ ಒಳಗ ಬಾ" ಎಂದೆ. ಅದಕ್ಕೂ ಎಲ್ಲರೂ ನಕ್ಕರು.

ನಾನು ಸೊಸೆಯಾಗಿ ಬಂದಂದಿನಿಂದ ಈ ಬಾಗಿಲಿಂದ ಯಾರೂ ಹಸಿದು ಹೋಗಿಲ್ಲ. ಅದನ್ನು ಕಂಡವರು ಈ ಓಣಿಯವರು ಮಾತ್ರ. ಬೀದರಿನಲ್ಲಿ, ಔರಾದಿನಲ್ಲಿ, ನಾನು ಹೆಸರೂ ಕೇಳದ ಊರುಗಳಲ್ಲಿ ನಾಳೆಯೂ ಆಟವಿದೆ. ಪ್ರತಿ ಆಟದಲ್ಲೂ ನಾನು ಇದೇ ಹೊಸ್ತಿಲಲ್ಲಿ ನಿಂತು, ಮನೆಗೆ ಬಂದವನನ್ನು ಹೊರಗಟ್ಟುತ್ತೇನೆ.