ಪ್ರಮಾಣ ಮಾಡಿ ಹೇಳಿದ ವಿಳಾಸ

ಆಲ್ಡರ್‌ಬ್ರೂಕ್, ನ್ಯೂಜೆರ್ಸಿ
ಬುಧವಾರ, ೧೧ ಜೂನ್ ೨೦೨೫

ಹುಣಸೂರಿನ ಮಹಾರಾಣಿ, ಬಿ.ಎಸ್ಸಿ. ಕೊನೆಯ ಸೆಮಿಸ್ಟರಿನ ಸಾಮ್ರಾಜ್ಞಿ, ನನ್ನ ಸಾರಾಳ ಸನ್ನಿಧಿಗೆ,

ನಿನ್ನ ಮಾಮುವಿನ ಮಗಳು ಫಿರ್ದೌಸ್ ಸಲಾಂ ಹೇಳುತ್ತಾಳೆ. ಕುಳಿತುಕೊಂಡು ಓದು. ಕೈಯಲ್ಲಿ ಟೀ ಲೋಟವಿದ್ದರೆ ಕೆಳಗಿಡು. ನಿನ್ನೆ ಸಂಜೆ ಏಳು ನಲವತ್ತಕ್ಕೆ, ನಮ್ಮೂರಿನ ಶಾಲೆಯ ಜಿಮ್‌ನಲ್ಲಿ, ಇನ್ನೂರು ಜನರ ಸಮಕ್ಷಮ, ನಿನ್ನ ಅಮ್ಮಿ, ಅಂದರೆ ನನ್ನ ಫುಪ್ಪು, ಹಮೀದುನ್ನೀಸಾ ಬೇಗಂ ಅವರು ನನ್ನ ಅಬ್ಬ ಜಬ್ಬಾರ್ ಸಾಹೇಬರ ಆರು ತಿಂಗಳ ಚಳವಳಿಯನ್ನು ಮೂರೇ ನಿಮಿಷದಲ್ಲಿ ಮಗುಚಿ ಹಾಕಿದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಡುವೆ ಒಂದು ತಪ್ಪೊಪ್ಪಿಗೆ ಇದೆ. ಅದನ್ನು ಹೇಳುವಾಗ ನಿನ್ನ ಮುಖ ನೋಡುವ ಧೈರ್ಯ ನನಗಿಲ್ಲ. ಆದ್ದರಿಂದ ಕಾಗದದ ಮೇಲೆ ಬರೆದು, ಫೋಟೋ ಹೊಡೆದು ಕಳಿಸುತ್ತಿದ್ದೇನೆ. ಏಳನೇ ಕ್ಲಾಸಿನವರೆಗೆ ಹುಣಸೂರಿನಲ್ಲಿ ಕಲಿತ ಕನ್ನಡ ಇನ್ನೂ ಇಷ್ಟಾದರೂ ಉಳಿದಿದೆ ಎಂದು ಮೆಚ್ಚಿಕೋ. ಬೈಯುವುದನ್ನು ಆಮೇಲೆ ಮಾಡು.

ಮೊದಲು ಇತಿಹಾಸ. ನಮ್ಮ ಆಲ್ಡರ್‌ಬ್ರೂಕ್ ಪಾರಂಪರಿಕ ಊರು. ಇಲ್ಲಿನ ಮನೆಗಳೆಲ್ಲ ನೂರಮೂವತ್ತು ವರ್ಷದ ಮುದುಕಿಯರು. ಮುಂಬಾಗಿಲಿಗೆ ಬೇರೆ ಬಣ್ಣ ಬಳಿಯಬೇಕೆಂದರೂ ಪರಂಪರೆ ಸಮಿತಿಯ ಒಪ್ಪಿಗೆ ಬೇಕು. ನಾವು ಮನೆ ಕೊಂಡ ವರ್ಷ ಅಬ್ಬ ಹಸಿರು ಬಾಗಿಲು ಕೇಳಿದರು. ಸಮಿತಿ ನಾಲ್ಕು ತಿಂಗಳು ಚರ್ಚಿಸಿ, ಒಣಗಿದ ಪುದೀನದ ಬಣ್ಣ ಮಂಜೂರು ಮಾಡಿತು. ಬೇರೆ ಯಾರಾದರೂ ಆಗಿದ್ದರೆ ಸಿಟ್ಟಾಗುತ್ತಿದ್ದರು. ಅಬ್ಬ ಆ ಸಮಿತಿಯ ಭಕ್ತರಾದರು. ಈಗ ಅದರ ಉಪಾಧ್ಯಕ್ಷರು. ಬ್ರಿಡ್ಜ್‌ವಾಟರಿನ ಔಷಧ ಕಂಪನಿಯಲ್ಲಿ ಸಿಕ್ಕ ಪ್ರಮೋಷನ್ನಿಗಿಂತ ಈ ಪದವಿಯ ಮೇಲೆ ಅವರಿಗೆ ಪ್ರೀತಿ ಹೆಚ್ಚು.

ಹೋದ ಡಿಸೆಂಬರಿನಲ್ಲಿ ಸುದ್ದಿ ಬಂತು. ರೈಲ್ವೆ ಸ್ಟೇಷನ್ ಪಕ್ಕದ ಮುಚ್ಚಿಹೋದ ಗುಂಡಿ ಕಾರ್ಖಾನೆ (ಅಂಗಿಯ ಗುಂಡಿ, ನೀನು ಹಳ್ಳ ಎಂದುಕೊಳ್ಳಬೇಡ) ಕೆಡವಿ, ಆರು ಅಂತಸ್ತಿನ ಅಪಾರ್ಟ್‌ಮೆಂಟ್ ಕಟ್ಟುತ್ತಾರಂತೆ. ಇನ್ನೂರನಲವತ್ತು ಮನೆ. ಅದರಲ್ಲಿ ನಲವತ್ತೆಂಟು ಮನೆಗಳನ್ನು ಕಡಿಮೆ ಸಂಬಳದವರಿಗೆ ಕಡಿಮೆ ಬಾಡಿಗೆಗೆ ಚೀಟಿ ಎತ್ತಿ ಕೊಡಬೇಕು. ಊರಿಗೆ ಊರೇ ಎದ್ದು ನಿಂತಿತು. ಮನೆಮನೆಯ ಹುಲ್ಲಿನ ಮೇಲೆ ‘ಆಲ್ಡರ್‌ಬ್ರೂಕ್ ಉಳಿಸಿ’ ಎಂಬ ಬೋರ್ಡು. ಬೋರ್ಡುಗಳ ದಾಸ್ತಾನು ಅಬ್ಬನ ಮಹಡಿಯ ಆಫೀಸ್ ರೂಮಿನಲ್ಲಿ.

ಇಂಥ ಗಂಭೀರ ಸಂದರ್ಭದಲ್ಲಿ ನಾನು ಸುಮ್ಮನಿರುತ್ತೇನೆಯೇ? ರಟ್ಟಿಗೆ ಕಂಚಿನ ಬಣ್ಣ ಹೊಡೆದು ಒಂದು ಶಾಸನ ಬರೆದೆ: ‘ಇದೇ ಸ್ಥಳದಲ್ಲಿ ೧೮೯೪ರಲ್ಲಿ ಒಬ್ಬ ಸದ್ಗೃಹಸ್ಥರು ಕುದುರೆಗಾಡಿ ನಿಲ್ಲಿಸಲು ಜಾಗ ಸಿಗದೆ ಮನೆಗೆ ಮರಳಿದರು.’ ಕಾರ್ಖಾನೆಯ ಗೇಟಿಗೆ ತೂಗುಹಾಕಿದೆ. ಸಮಿತಿಯ ಅಧ್ಯಕ್ಷೆ ಮಿಸೆಸ್ ವಿಟ್‌ಲಾಕ್ ಅದರ ಫೋಟೋ ತೆಗೆದು, ಪಾರ್ಕಿಂಗ್ ಸಮಸ್ಯೆ ನಮ್ಮ ಪರಂಪರೆಯ ಭಾಗ ಎಂದು ಸಭೆಯಲ್ಲಿ ತೋರಿಸಿಬಿಟ್ಟರು! ಅಬ್ಬನಿಗೆ ಗ್ಯಾರೇಜಿನಲ್ಲಿ ಬಣ್ಣದ ಡಬ್ಬಿ ಸಿಕ್ಕಿತು. ಇಪ್ಪತ್ತೆರಡು ವರ್ಷದ ಮಗಳಿಗೆ ಒಂದು ವಾರ ಕಾರಿನ ಕೀಲಿ ಬಂದ್.

ಈಗ ತಪ್ಪೊಪ್ಪಿಗೆ. ನಗುವುದನ್ನು ಸ್ವಲ್ಪ ನಿಲ್ಲಿಸು ಸಾರಾ.

ಪ್ರತಿ ಭಾನುವಾರ ವಿಡಿಯೋ ಕಾಲ್‌ನಲ್ಲಿ ನಿನ್ನ ಅಮ್ಮಿ ಕೂರುವ ಗಾಜಿನ ಕೋಣೆ ಇದೆಯಲ್ಲ, ಹಿಂದೆ ನೀಲಿ ಹೂವಿನ ಪೊದೆ ಕಾಣುತ್ತದಲ್ಲ, ಅದು ಅವರ ಕೋಣೆಯಲ್ಲ. ನಮ್ಮ ಹಾಲ್‌ನ ಪಕ್ಕದ್ದು. ಫುಪ್ಪು ಇರುವುದು ನೆಲಮಾಳಿಗೆಯಲ್ಲಿ. ಬಾಯ್ಲರ್ ಪಕ್ಕ ಒಂದು ಮಂಚ, ಒಂದು ಹಾಟ್‌ಪ್ಲೇಟ್. ಕಿಟಕಿ ಅಂತ ಒಂದಿದೆ, ಶೂ ಡಬ್ಬಿಯಷ್ಟು. ಅದರಲ್ಲಿ ಕಾರಿನ ಟೈರು ಕಾಣುತ್ತದೆ. ಮೂರು ವರ್ಷದ ಹಿಂದೆ ಬಂದಾಗ, ಎರಡು ವಾರದ ಮಟ್ಟಿಗೆ ಎಂದು ಅಬ್ಬ ಹೇಳಿದ್ದರು. ಆಮೇಲೆ ಯಾರೂ ವಾರ ಎಣಿಸಲಿಲ್ಲ. ಬೆಳಗಿನ ಐದೂವರೆಗೆ ಹಿಂಬಾಗಿಲಿನಿಂದ ಹೊರಟು, ಯಾರದೋ ವ್ಯಾನಿನಲ್ಲಿ ಕ್ರ್ಯಾನ್‌ಬರಿಯ ಗೋದಾಮಿಗೆ ಹೋಗಿ, ದಿನವಿಡೀ ನಿಂತು ಮಾತ್ರೆ ಡಬ್ಬಿ ಪ್ಯಾಕ್ ಮಾಡಿ ಬರುತ್ತಾರೆ. ಭಾನುವಾರ ದುಪಟ್ಟಾ ಇಸ್ತ್ರಿ ಮಾಡಿ ಮೇಲೆ ಬರುತ್ತಾರೆ. ಫೋನ್ ಹಿಡಿದು, ಹೂವು ಕಾಣುವ ಹಾಗೆ ಕುರ್ಚಿ ಸರಿಸುತ್ತಿದ್ದವಳು ನಾನು. ಅದೂ ಒಂದು ತಮಾಷೆ ಎಂದುಕೊಂಡಿದ್ದೆ. ನನ್ನ ಕೋಣೆಗೆ ಮೂರು ಕಿಟಕಿ ಇವೆ. ಒಂದು ದಿನವೂ ‘ಇಲ್ಲೇ ಬನ್ನಿ ಫುಪ್ಪು’ ಎನ್ನಲಿಲ್ಲ. ಬರೆದಾಯಿತು. ಮುಂದಕ್ಕೆ ಹೋಗುತ್ತೇನೆ.

ವೀಸಾ ನಿಯಮದ ಪ್ರಕಾರ ನೀನು ಇಪ್ಪತ್ತೊಂದು ತುಂಬುವ ಮೊದಲು, ಆಗಸ್ಟಿನಲ್ಲಿ, ಇಲ್ಲಿಗೆ ಬಂದು ಸೇರಬೇಕು. ಟಿಕೆಟ್ ಆಗಿದೆ. ಎಲ್ಲಿ ಮಲಗುತ್ತೀ ಎಂಬುದನ್ನು ಮಾತ್ರ ಈ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಎಡಿಸನ್‌ನಲ್ಲಿ ಬಾಡಿಗೆ ಮನೆ ನೋಡಿ ನೋಡಿ ಫುಪ್ಪು ಸುಸ್ತಾಗಿದ್ದರು.

ಇಂಥದರಲ್ಲಿ ಮಿಸೆಸ್ ವಿಟ್‌ಲಾಕ್ ಅಬ್ಬನ ಹತ್ತಿರ, ಅಹವಾಲು ಸಭೆಯಲ್ಲಿ ನಮ್ಮ ಪರವಾಗಿ ಹೊಸದಾಗಿ ಬಂದವರೂ ಮಾತಾಡಬೇಕು, ಇಲ್ಲದಿದ್ದರೆ ಇದು ಹಳೇ ಶ್ರೀಮಂತರ ಗಲಾಟೆ ಎಂದುಕೊಳ್ಳುತ್ತಾರೆ ಎಂದರಂತೆ. ಅಬ್ಬ ಹಿಂದೆಮುಂದೆ ನೋಡದೆ ತಮ್ಮ ಅಕ್ಕನ ಹೆಸರು ಕೊಟ್ಟುಬಿಟ್ಟರು! ಬಕ್ರೀದಿನ ದಿನ ಊಟಕ್ಕೆ ಕುಳಿತಾಗ ಮಾತು ತೆಗೆದರು.

“ಆಪಾ, ಮೂರು ನಿಮಿಷ ಅಷ್ಟೆ. ಫಿರ್ದೌಸ್ ಬರ್ಕೊಡ್ತಾಳೆ, ನೀವು ಓದಿದ್ರೆ ಸಾಕು.”

“ಏನಂತ ಓದ್ಬೇಕಪ್ಪಾ?”

“ಊರು ಹಾಳಾಗತ್ತೆ, ಟ್ರಾಫಿಕ್ ಜಾಸ್ತಿ ಆಗತ್ತೆ, ಅಂತ.”

“ನಂಗೆ ಕಾರೇ ಇಲ್ವಲ್ಲೋ.”

“ಅದನ್ನ ಹೇಳ್ಬೇಡಿ.”

ಫುಪ್ಪು ಅಂಗನವಾಡಿ ಟೀಚರ್ ಆಗಿದ್ದವರು. ಹತ್ತು ಜನರೆದುರು ಎದ್ದು ನಿಂತು ಮಾತಾಡಬೇಕೆಂದರೆ ಅವರ ಬಾಯಿಗೆ ಬರುವುದು ಕನ್ನಡವೇ. ಆದ್ದರಿಂದ ಅವರು ಕನ್ನಡದಲ್ಲಿ ಓದುವುದು, ನಾನು ಇಂಗ್ಲಿಷಿಗೆ ಹೇಳುವುದು ಎಂದು ನಿರ್ಧಾರವಾಯಿತು. ಭಾಷಣವನ್ನು ನಾನೇ ಘನಗಂಭೀರವಾಗಿ ಬರೆದುಕೊಟ್ಟೆ. ‘ಪೂರ್ವಜರ’ ಎಂಬ ಪದವನ್ನು ನಾಲ್ಕು ಸಲ ಹಾಕಿದ್ದೆ. ಯಾರ ಪೂರ್ವಜರು ಎಂದು ಕೇಳಬೇಡ.

ನಿನ್ನೆ ಸಂಜೆ ಜಿಮ್ ತುಂಬಿತ್ತು. ಬಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ, ಕಟ್ಟಡಕ್ಕೆ ಒಪ್ಪಿಗೆ ಕೊಡುವ ಪ್ಲಾನಿಂಗ್ ಬೋರ್ಡಿನ ಒಂಬತ್ತು ಜನ, ಪಕ್ಕದಲ್ಲಿ ಅವರ ವಕೀಲ. ನಮ್ಮ ಬೀದಿಯ ರಾಮ್ ಅಂಕಲ್, ಮೈಸೂರಿನವರು, ಮೊದಲು ಹೋಗಿ ಟ್ರಾಫಿಕ್ ವಿರುದ್ಧ ಗುಡುಗಿದರು. ಮೂರು ಬೀದಿ ಆಚೆಯಿಂದ ಕಾರಿನಲ್ಲೇ ಬಂದಿದ್ದರು. ಆಮೇಲೆ ಫುಪ್ಪು ಹೆಸರು ಕೂಗಿದರು. ಮೈಕ್ ಹತ್ತಿರ ಹೋದೆವು. ಬಲಗೈ ಎತ್ತಿ, ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿ, ಹೆಸರು, ವಿಳಾಸ ಹೇಳಬೇಕು ಎಂದರು ವಕೀಲರು. ಮಿಕ್ಕವರೆಲ್ಲ ಅದನ್ನು ಸಿನಿಮಾ ಟಿಕೆಟ್ ತೋರಿಸಿದಷ್ಟು ಸಲೀಸಾಗಿ ಮುಗಿಸಿದ್ದರು. ಫುಪ್ಪು ನನ್ನ ತೋಳು ಹಿಡಿದರು.

“ಏನೇ, ಆಣೆ ಇಡಿಸ್ತಾರಾ?”

“ಹೂಂ ಫುಪ್ಪು, ಎಲ್ಲರ ಹತ್ರಾನೂ. ಸುಮ್ನೆ ಕೈ ಎತ್ತಿ.”

“ಆಣೆ ಅಂದ್ರೆ ಸುಮ್ನೇನಾ? ಮೊದ್ಲೇ ಹೇಳ್ಬಾರ್ದಾ? ತಡಿ, ವುಜೂ ಮಾಡ್ಕೊಂಡ್ ಬರ್ತೀನಿ.”

ಹೊರಟೇಬಿಟ್ಟರು! ನಾನು ಮೈಕಿನಲ್ಲಿ, ಸಾಕ್ಷಿದಾರರು ಪ್ರಮಾಣಕ್ಕೆ ಮೊದಲು ಕೈಕಾಲು ಮುಖ ತೊಳೆದು ಬರಲು ಹೋಗಿದ್ದಾರೆ ಎಂದು ನಿವೇದಿಸಿದೆ. ಇದು ನನ್ನದೇ ಯಾವುದೋ ತರಲೆ ಎಂದುಕೊಂಡು ಅಬ್ಬ ನನ್ನತ್ತ ಕಣ್ಣು ಕೆಂಪಗೆ ಮಾಡಿದರು. ಇನ್ನೂರು ಜನ, ಒಂಬತ್ತು ಸದಸ್ಯರು, ಬಿಲ್ಡರ್ ಕಡೆಯ ನಾಲ್ಕು ಸೂಟುಗಳು, ಎಲ್ಲರೂ ಹೆಣ್ಣುಮಕ್ಕಳ ಟಾಯ್ಲೆಟ್ ಬಾಗಿಲನ್ನೇ ನೋಡುತ್ತ ಐದು ನಿಮಿಷ ಕುಳಿತರು. ಒಳಗೆ ನಲ್ಲಿ ನೀರಿನ ಸದ್ದು. ನಗು ತಡೆಯಲು ನಾನು ನಾಲಿಗೆ ಕಚ್ಚಿಕೊಂಡಿದ್ದೆ.

ಬಂದರು. ಮೊಣಕೈವರೆಗೆ ಒದ್ದೆ, ಹಣೆಯ ಮೇಲೆ ನೀರು. ನಾನು ಬರೆದುಕೊಟ್ಟ ಭಾಷಣವನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗಿಟ್ಟರು. ನಗು ಅಲ್ಲಿಗೇ ನಿಂತುಹೋಯಿತು.

ಕೈ ಎತ್ತಿದರು. ಪ್ರಮಾಣ ಮಾಡಿದರು. ವಕೀಲರು ನನ್ನ ಕಡೆ ತಿರುಗಿ, ನೀನೂ ಕೈ ಎತ್ತು, ದುಭಾಷಿಯೂ ಪ್ರಮಾಣ ಮಾಡಬೇಕು, ಅವರು ಹೇಳಿದ್ದನ್ನು ಹೇಳಿದ ಹಾಗೇ ಹೇಳಬೇಕು ಎಂದರು. ಸಾರಾ, ನಿನಗೆ ಗೊತ್ತು, ನಾನು ನನ್ನ ಹುಟ್ಟಿದ ದಿನವನ್ನೂ ಸುಳ್ಳು ಹೇಳಿದವಳು. ಕೈ ಎತ್ತಿದೆ.

“ನನ್ನ ಹೆಸರು ಹಮೀದುನ್ನೀಸಾ. ಮೇಪಲ್ ಬೀದಿ, ಹದಿನೇಳನೇ ನಂಬರ್. ಕೆಳಗಡೆ. ಹಿಂಬಾಗಿಲು.”

ಹದಿನೇಳನೇ ನಂಬರ್ ಯಾರದೆಂದು ಊರಿಗೇ ಗೊತ್ತು. ಒಣಗಿದ ಪುದೀನದ ಬಾಗಿಲು. ಕೆಳಗಡೆ ಎಂದರೆ ನೆಲಮಾಳಿಗೆಯೇ ಎಂದು ವಕೀಲರು ಕೇಳಿದರು. ಹೌದು ಎಂದರು. ಕಿಟಕಿ ಇದೆಯೇ ಎಂದರು. ಫುಪ್ಪು ಎರಡು ಕೈಯಲ್ಲಿ ಅಳತೆ ತೋರಿಸಿದರು.

“ಊರು ಹಾಳಾಗತ್ತೆ ಅಂತ ಹೇಳು ಅಂದಿದ್ರು. ಹೇಳ್ತಿದ್ದೆ. ಆದ್ರೆ ಆಣೆ ಇಡಿಸ್ಬಿಟ್ರಿ. ಈ ಊರು ಚೆನ್ನಾಗಿದೆ ಸ್ವಾಮಿ, ಮರ ಎಲ್ಲ ಚೆನ್ನಾಗಿದೆ. ನಾನು ಕೆಲಸದಿಂದ ಬರ್ತಾ ನೋಡ್ತೀನಿ. ಆಗಸ್ಟಲ್ಲಿ ನನ್ನ ಮಗಳು ಬರ್ತಾಳೆ. ಅವಳಿಗೂ ಮರ ಕಾಣೋ ಅಂಥ ಒಂದು ಕಿಟಕಿ ಬೇಕು. ಆ ಮನೆ ಕಟ್ಟಿದ್ರೆ ಚೀಟಿ ಎತ್ತೋವಾಗ ನನ್ನ ಹೆಸರೂ ಹಾಕಿ.”

ಒಂದಕ್ಷರ ಬಿಡದೆ ಇಂಗ್ಲಿಷಿಗೆ ಹೇಳಿದೆ. ಹಿಂದಿನ ಸಾಲಿನಲ್ಲಿ ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು, ಆಮೇಲೆ ಹತ್ತು ಜನ, ಆಮೇಲೆ ಜಿಮ್‌ನ ಅರ್ಧ! ಉಳಿದರ್ಧ ತಮ್ಮ ಬೂಟು ನೋಡಿಕೊಳ್ಳುತ್ತಿತ್ತು. ನನಗೆ ಕುಣಿಯಬೇಕೆನಿಸಿತು. ಅಬ್ಬನ ಕಡೆ ನೋಡಿದೆ. ಕುಣಿಯಲಿಲ್ಲ.

ಬೋರ್ಡಿನ ಮತದಾನ ಜುಲೈ ಎಂಟಕ್ಕೆ ಹೋಗಿದೆ. ಏನಾಗುತ್ತದೋ ನಾನು ಹೇಳಲಾರೆ. ಕಟ್ಟಿದರೂ ಎರಡು ವರ್ಷ ಬೇಕು. ಹೊರಗೆ ಬರುವಾಗ ವಕೀಲರು ಅಬ್ಬನನ್ನು ನಿಲ್ಲಿಸಿ, ಆ ನೆಲಮಾಳಿಗೆಯಲ್ಲಿ ಕಾನೂನಿನ ಪ್ರಕಾರ ಯಾರೂ ವಾಸ ಮಾಡುವಂತಿಲ್ಲ, ದೊಡ್ಡ ಕಿಟಕಿ ಕೊರೆಯಬೇಕು, ಅದಕ್ಕೆ ಪರಂಪರೆ ಸಮಿತಿಯ ಒಪ್ಪಿಗೆ ಬೇಕು ಎಂದು ಮರ್ಯಾದೆಯಿಂದ ತಿಳಿಸಿದರು. ಸಮಿತಿಯ ಉಪಾಧ್ಯಕ್ಷರು ತಲೆಯಾಡಿಸಿದರು.

ಕಾರಿನಲ್ಲಿ ಮನೆಗೆ ಹೊರಟೆವು. ಫುಪ್ಪು ಒಂದು ಸಲ, “ಜಬ್ಬಾರ್, ಬೇಜಾರಾಯ್ತೇನೋ?” ಎಂದರು. ಅಬ್ಬ ಸಿಗ್ನಲ್ ನೋಡುತ್ತಿದ್ದರು. ಸಿಗ್ನಲ್ ಹಸಿರಾಗಿ ಎಷ್ಟೋ ಹೊತ್ತಾಗಿತ್ತು.

ಇವತ್ತು ಬೆಳಿಗ್ಗೆ ಅಬ್ಬ ಆಫೀಸಿಗೆ ಹೋಗಲಿಲ್ಲ. ಫುಪ್ಪುವಿಗೂ ರಜೆ ಹಾಕಿಸಿದರು. ಕಿಟಕಿ ಅಳೆಯುವ ನೆಪದಲ್ಲಿ ಟೇಪು ಹಿಡಿದು ಕೆಳಗಿಳಿದರು. ಕಿಟಕಿ ಅಳೆಯಲು ಅರ್ಧ ನಿಮಿಷ ಸಾಕು. ಅಬ್ಬ ಮೇಲೆ ಬಂದದ್ದು ಒಂದು ಗಂಟೆ ಬಿಟ್ಟು. ಮಹಡಿಗೆ ಹೋಗಿ, ಆಫೀಸ್ ರೂಮಿನಿಂದ ಮೇಜು, ಫೈಲು, ಮುನ್ನೂರು ಬೋರ್ಡು ಎಲ್ಲವನ್ನೂ ತಾವೇ ಹೊತ್ತು ಗ್ಯಾರೇಜಿಗೆ ಸಾಗಿಸಿದರು. ಪೂರ್ವಕ್ಕೆ ಎರಡು ಕಿಟಕಿ ಇರುವ ರೂಮು ಅದು, ಎದುರಿಗೆ ಓಕ್ ಮರ. ಎರಡು ಮಂಚ ಹಿಡಿಸುತ್ತವೆ, ನಾನೇ ಅಳೆದು ನೋಡಿದೆ.

ಫುಪ್ಪು ಸುಮ್ಮನೆ ಒಪ್ಪುವವರೇ? ಮೆಟ್ಟಿಲ ಕೆಳಗೇ ನಿಂತು ಶರತ್ತು ಹಾಕಿದರು. “ಗೆಸ್ಟ್ ರೂಮ್ ಅಂತ ಯಾರೂ ಅನ್ಬಾರ್ದು. ಮುಂಬಾಗಿಲಿಂದಾನೇ ಓಡಾಡ್ತೀನಿ. ಚೀಟೀಲಿ ಮನೆ ಬಂದ ದಿನ ಹೊರಟೆ, ತಡೀಬಾರ್ದು.”

ಅಬ್ಬ, “ಹೋಗಿ ಆಪಾ, ಯಾರು ಬೇಡ ಅಂದ್ರು? ಮೊದ್ಲು ಅದನ್ನ ಕಟ್ಬೇಕಲ್ಲ!” ಎಂದರು.

ಎಂದಮೇಲೆ ತಾವು ಹೇಳಿದ್ದು ತಮಗೇ ಕೇಳಿಸಿತು. ನಾನು ಪೆನ್ನು ತೆಗೆದು, ಉಪಾಧ್ಯಕ್ಷರ ಹೇಳಿಕೆಯನ್ನು ದಿನಾಂಕ ಸಮೇತ ದಾಖಲಿಸಿಕೊಂಡೆ. ಅಬ್ಬ ಟೇಪು ಎಸೆದರು, ತಪ್ಪಿಸಿಕೊಂಡೆ. ಫುಪ್ಪು ನಕ್ಕ ನಗುವಿಗೆ ಪಕ್ಕದ ಮನೆಯ ನಾಯಿ ಬೊಗಳಿತು.

ನೀನು ಬರುವಾಗ ದೊಡ್ಡ ಪರದೆ ಬಟ್ಟೆ ತಾ, ಬೆಳಗಿನ ಬಿಸಿಲು ಕಣ್ಣಿಗೇ ಬೀಳುತ್ತದೆ. ನನಗೆ ಬೈಯಬೇಕೆಂದರೆ ಇವತ್ತೇ ಫೋನ್ ಮಾಡು, ಮುಖ ತೋರಿಸುತ್ತೇನೆ.

ಇಂತಿ, ಪ್ರಮಾಣವಚನ ಸ್ವೀಕರಿಸಿದ ಅಧಿಕೃತ ದುಭಾಷಿ,
ನಿನ್ನ ಫಿರ್ದೌಸ್

ಮರೆತ ಮಾತು: ಒಂದಕ್ಷರ ಬಿಡಲಿಲ್ಲ ಎಂದು ಮೇಲೆ ಬರೆದೆ. ಒಂದು ಮಾತು ಬಿಟ್ಟೆ. ಕಿಟಕಿಯ ಅಳತೆ ತೋರಿಸಿದ ಮೇಲೆ ಫುಪ್ಪು ಮೈಕಿಗೆ ಕೇಳುವಷ್ಟೇ ಮೆಲ್ಲಗೆ ಹೇಳಿದರು: “ಮೂರು ವರ್ಷ ಆಯ್ತು, ನನ್ನ ತಮ್ಮ ಒಂದ್ಸಲಾನೂ ಕೆಳಗಡೆ ಬಂದು ನನ್ನ ಹತ್ರ ಕೂತಿಲ್ಲ. ಬಂದ್ರೆ ಮೇಲೆ ಕರ್ಕೊಂಡ್ ಹೋಗ್ಬೇಕಾಗತ್ತೆ ಅಂತ ಅವನಿಗೂ ಗೊತ್ತು.” ಅದಕ್ಕೆ ನನ್ನ ಬಾಯಿಗೆ ಇಂಗ್ಲಿಷ್ ಬರಲಿಲ್ಲ. ವಕೀಲರು ಕಾದರು, ನಾನು ಮುಂದಿನ ಮಾತಿಗೆ ಹೋದೆ. ಆ ಜಿಮ್‌ನಲ್ಲಿ ಕನ್ನಡ ಬರುತ್ತಿದ್ದ ಗಂಡಸರು ಇಬ್ಬರೇ. ರಾಮ್ ಅಂಕಲ್ ಕಾರಿನ ಕೀಲಿ ಹುಡುಕುವವರಂತೆ ತಲೆ ತಗ್ಗಿಸಿದರು. ಇನ್ನೊಬ್ಬರು ಯಾರೆಂದು ನಿನಗೆ ಗೊತ್ತು.